ಟೀಚರಿಗೆ ಗೊತ್ತು

ನಮ್ಮ ಶಾಲೆಯ ಹಾರ್ಮೋನಿಯಂನಲ್ಲಿ ಐದನೆಯ ಬಿಳಿ ಮನೆಯ — ಬೆರಳಿನಿಂದ ಒತ್ತುವ ಪಟ್ಟಿಯ — ಅಂಚಿನಿಂದ ಒಂದು ಸಣ್ಣ ಚೂರು ಎದ್ದುಹೋಗಿತ್ತು. ಕಣ್ಣಿಗಿಂತ ಮೊದಲು ಉಗುರಿಗೆ ಅದು ಗೊತ್ತಾಗುತ್ತಿತ್ತು. ಪಕ್ಕದ ಆರನೆಯ ಮನೆ ನುಣುಪಾಗಿತ್ತು. ಕತ್ತಲೆಯಲ್ಲಿ ಕೂರಿಸಿದ್ದರೂ ನಾನು ಒಂದನ್ನು ಇನ್ನೊಂದೆಂದು ತಿಳಿಯುವಂತಿರಲಿಲ್ಲ. ಇದನ್ನು ಮೊದಲೇ ಬರೆದಿಡುತ್ತೇನೆ — ಮುಂದೆ ಎಲ್ಲಾದರೂ ಧೈರ್ಯ ಸಾಲದೆ, ಕೈ ತಪ್ಪಿತು ಎಂದು ಬರೆದುಬಿಟ್ಟೇನು ಎಂಬ ಭಯಕ್ಕೆ.

ವನಜಾ, ಆ ಸಂಜೆ ನಿನ್ನ ಗಂಟಲು ತಾನಾಗಿ ಒಡೆಯಲಿಲ್ಲ. ಅದನ್ನು ಒಡೆದವಳು ನಾನು. ನೀನು ಹಾಡಬೇಕಾಗಿದ್ದದ್ದು ಐದನೆಯ ಮನೆಯ ಶ್ರುತಿಗೆ. ನಾನು ಒತ್ತಿದ್ದು ಆರನೆಯದು. ಬೇಕೆಂದೇ ಒತ್ತಿದೆ.

ಆರು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ. ಇನ್ನೂ ಹೇಳದೆ ಇರುತ್ತಿದ್ದೆನೋ ಏನೋ — ಕಳೆದ ಮಾರ್ಚಿಯಲ್ಲಿ ಪರೀಕ್ಷೆಯ ಮೇಲ್ವಿಚಾರಣೆಗೆಂದು ಪಾವಗಡಕ್ಕೆ ಬಾರದಿದ್ದರೆ. ನೀನು ಪರೀಕ್ಷೆಯ ಕೊಠಡಿಯ ಬಾಗಿಲಿಗೇ ಬಂದು ನಿಂತು, ಮನೆಗೆ ಬರಲೇಬೇಕೆಂದು ಹಟ ಹಿಡಿದು ಕರೆದುಕೊಂಡು ಹೋದೆ. ನಿನ್ನ ಮಗು ತೊಟ್ಟಿಲಲ್ಲಿ ರಚ್ಚೆ ಹಿಡಿದಿತ್ತು. 'ಒಂದು ಹಾಡು ಹೇಳಬಾರದೇ' ಎಂದೆ ನಾನು. ಯಾಕೆ ಅಂದೆನೋ. ಕಡಲೆಕಾಯಿ ಸುಲಿಯುತ್ತಾ ಕೂತಿದ್ದ ನಿನ್ನ ಅತ್ತೆ ತಲೆಯೆತ್ತಿ, ಸೊಸೆ ಹಾಡುವುದೇ ಎಂಬಂತೆ ನಕ್ಕು, ತೆಲುಗು ಬೆರೆತ ಕನ್ನಡದಲ್ಲಿ ಹೇಳಿದರು.

"ಪಾಟನಾ? ನಮ್ಮ ಕೋಡಲು ಬಾಯಿ ಬುಟ್ಟು ಹಾಡಿದ್ದು ನಾ ಒಂದಿನಾನೂ ಕೇಳಿಲ್ಲಮ್ಮ. ತೊಟ್ಟಿಲೂ ಸುಮ್ಕೇ ತೂಗ್ತಾಳೆ."

ನೀನೂ ನಕ್ಕೆ. "ನನ್ನ ಗಂಟ್ಲು ಎಷ್ಟು ಅಂತ ಅವತ್ತೇ ಗೊತ್ತಾಯ್ತಲ್ಲ ಟೀಚರ್. ನೀವು ಪಕ್ಕದಲ್ಲಿದ್ರಿ, ಅದಕ್ಕೇ ಅಲ್ಲಿಂದ ಎದ್ದು ಬರೋಕಾದ್ರೂ ಆಯ್ತು ನಂಗೆ."

ಹೊರಡುವಾಗ ನನ್ನ ಚೀಲಕ್ಕೆ ಒಂದು ಸೇರಿನಷ್ಟು ಹುರಿದ ಕಡಲೆಕಾಯಿ ತುಂಬಿ ಕಾಲಿಗೆ ನಮಸ್ಕಾರ ಮಾಡಿದೆ. ಬಸ್ಸು ಮಧುಗಿರಿ ಸೇರುವವರೆಗೆ ಆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಒಂದೂ ಬಾಯಿಗೆ ಹಾಕಲಾಗಲಿಲ್ಲ.

ನಾನು ಯಾಕೆ ಹಾಗೆ ಮಾಡಿದೆ ಎಂಬುದು ನಿನಗೆ ಗೊತ್ತಿಲ್ಲದ ಒಂದು ಸಂಜೆಯಿಂದ ಶುರುವಾಗುತ್ತದೆ. ಗೊತ್ತಿಲ್ಲ ಎಂದರೆ — ನೀನು ಅಲ್ಲೇ ಇದ್ದೆ. ಐದು ವರ್ಷದವಳು. ಮುಂದಿನ ಸಾಲಿನಲ್ಲಿ ನಿನ್ನ ಅಜ್ಜಿಯ ತೊಡೆಯ ಮೇಲೆ ನಿದ್ದೆ ಹೋಗಿದ್ದೆ. ನನಗೆ ಹನ್ನೊಂದು.

ನನ್ನ ತಂದೆಯನ್ನು ಊರಿನವರು ಓಲಗದ ನಂಜ ಎಂದು ಕರೆಯುತ್ತಿದ್ದರು. ನಮ್ಮದು ಕೊಳಾಲದ ಕಡೆಯ ವಾಲಗದ ಮನೆತನ. ನಮ್ಮವರಲ್ಲಿ ಕೆಲವರು ನಾಗಸ್ವರ ನುಡಿಸುತ್ತಿದ್ದರು, ಕೆಲವರು ಕ್ಷೌರ ಮಾಡುತ್ತಿದ್ದರು, ಹಲವರು ಎರಡನ್ನೂ. ಅಪ್ಪ ಕತ್ತಿ ಹಿಡಿದವನಲ್ಲ. ಅದು ದೊಡ್ಡಪ್ಪನ ಕೆಲಸವಾಗಿತ್ತು. ಹಿಡಿದಿದ್ದರೂ ಅದರಲ್ಲಿ ತಪ್ಪೇನಿತ್ತು — ಈಗ ಹಾಗೆ ಬರೆಯಬಲ್ಲೆ, ಆಗ ಅದನ್ನು ಹೇಳಲು ನನಗೆ ಭಾಷೆ ಇರಲಿಲ್ಲ. ಅಪ್ಪ ನುಡಿಸುವಾಗ ಪಕ್ಕದಲ್ಲಿ ಕೂತು ಶ್ರುತಿ ಪೆಟ್ಟಿಗೆಯನ್ನು ತೆರೆದು ಮುಚ್ಚುವುದು ಏಳನೆಯ ವಯಸ್ಸಿನಿಂದ ನನ್ನ ಕೆಲಸ. ಮೊದಲ ದಿನವೇ ಅಪ್ಪ ಹೇಳಿಕೊಟ್ಟಿದ್ದ:

"ಶ್ರುತಿ ಹಿಡಿಯೋರಿಗೆ ನೆಂಟರೂ ಇಲ್ಲ, ಹಗೆನೂ ಇಲ್ಲ ಕಣಮ್ಮ. ದೀಪ ಹಿಡ್ಕಂಡು ನಿಂತೋರು ಇದ್ದಂಗೆ. ಯಾರು ಬತ್ತಾರೋ ಅವ್ರಿಗೆ ಬೆಳಕು ತೋರ್ಸು, ಅಷ್ಟೇಯ."

ಮಧುಗಿರಿಯ ಗಣೇಶೋತ್ಸವದಲ್ಲಿ ಪ್ರತಿವರ್ಷ ಒಂದು ವಾರ ಸಂಗೀತ ಇರುತ್ತಿತ್ತು. ಚಪ್ಪರದ ಬಾಗಿಲ ಹೊರಗೆ, ಗೋಣಿತಾಟಿನ ಮೇಲೆ ನಮ್ಮ ಓಲಗ. ಒಳಗೆ ಜಮಖಾನೆಯ ಮೇಲೆ ದೊಡ್ಡ ಊರುಗಳಿಂದ ಬಂದ ವಿದ್ವಾಂಸರು. ಆ ವರ್ಷ ಬಂದಿದ್ದವರು ಒಬ್ಬ ಕೊಳಲಿನ ವಿದ್ವಾಂಸರು. ಅವರಿಗೊಂದು ಪದ್ಧತಿಯಿತ್ತು. ಮಂಗಳ ನುಡಿಸುವ ಮೊದಲು ಸಭೆಯ ಕಡೆ ನೋಡಿ ಕರೆಯುತ್ತಿದ್ದರು: ಇಲ್ಲಿ ವಿದ್ಯೆ ಬಲ್ಲವರು ಯಾರೇ ಇದ್ದರೂ ಬನ್ನಿ, ನನ್ನ ಜೊತೆ ಕೂತು ನಾಲ್ಕು ಆವರ್ತ ನುಡಿಸಿ, ಹಾಡಿ. ಹಾಗೆ ಕರೆದಾಗ ಅಮಲ್ದಾರರ ಮನೆಯ ಹೆಣ್ಣುಮಕ್ಕಳೋ ಶಾಲೆಯ ಮೇಷ್ಟರೋ ನಾಚುತ್ತಾ ಮೇಲೆ ಹೋಗುವುದು ರೂಢಿ.

ಅಂದು ಅಪ್ಪ ಎದ್ದ. ಯಾರೇ ಇದ್ದರೂ ಎಂಬ ಮಾತನ್ನು ಅವನು ನಂಬಿದ. ಅದೊಂದೇ ಅವನ ತಪ್ಪು. ಬಾವಿಕಟ್ಟೆಗೆ ಹೋಗಿ ಕಾಲು ತೊಳೆದುಕೊಂಡ. ಒದ್ದೆ ಕಾಲನ್ನು ಪಂಚೆಯ ಅಂಚಿನಿಂದ ಒರೆಸಿಕೊಂಡ. ನಾಗಸ್ವರವನ್ನು ಬಟ್ಟೆಯಲ್ಲಿ ಸುತ್ತಿ ಎದೆಗೆ ಹಿಡಿದು ಚಪ್ಪರದ ನಡುವಿನ ದಾರಿಯಲ್ಲಿ ನಡೆದ. ಹಿಂದೆ ನಾನು, ಶ್ರುತಿ ಪೆಟ್ಟಿಗೆ ಹೊತ್ತುಕೊಂಡು. ಅವನು ವೇದಿಕೆಯ ಮೊದಲ ಮೆಟ್ಟಿಲ ಮೇಲೆ ಬಲಗಾಲು ಇಟ್ಟಿದ್ದ.

ಉತ್ಸವ ಸಮಿತಿಯ ಕಾರ್ಯದರ್ಶಿ ಮುಂದಿನ ಸಾಲಿನಿಂದ ಕೇಳಿದರು:

"ಏನೋ ನಂಜ, ಹಡಪ ಎಲ್ಲಿ ಬುಟ್ಟು ಬಂದೆ? ಅಮಲ್ದಾರ್ರಿಗೆ ಗಡ್ಡ ಬಂದದೆ, ನೋಡು."

ಹಡಪ ಎಂದರೆ ಕ್ಷೌರದ ಚೀಲ. ಅಮಲ್ದಾರರು ಕೆನ್ನೆ ಸವರಿಕೊಂಡು ನಕ್ಕರು. ಅವರು ನಕ್ಕಮೇಲೆ ಚಪ್ಪರವೆಲ್ಲ ನಕ್ಕಿತು. ಕರೆದಿದ್ದ ವಿದ್ವಾಂಸರು ತಲೆ ತಗ್ಗಿಸಿ ಕೊಳಲಿನ ತುದಿಯನ್ನು ಶಲ್ಯದಿಂದ ಒರೆಸತೊಡಗಿದರು. ಒರೆಸಲು ಅಲ್ಲಿ ಏನೂ ಇರಲಿಲ್ಲ.

ಅಪ್ಪ ಕಾಲು ಹಿಂದಕ್ಕೆ ತೆಗೆದ. "ತಪ್ಪಾಯ್ತು ಬುದ್ದಿ" ಎಂದ. ಆಮೇಲೆ — ಇದನ್ನು ಬರೆಯಲು ನನಗೆ ಈಗಲೂ ಕಷ್ಟ — ಅಪ್ಪನೂ ನಕ್ಕ. ಅವರ ಜೊತೆ ಸೇರಿ, ತನ್ನ ಮೇಲೆ ತಾನೇ.

ಆ ಕಾರ್ಯದರ್ಶಿ ನಿನ್ನ ತಂದೆ. ಆಗಷ್ಟೇ ಪ್ಲೀಡರಾಗಿ ಬೋರ್ಡು ಹಾಕಿಕೊಂಡಿದ್ದ ತರುಣ.

ನನ್ನನ್ನು ಓದಿಸಿದ್ದು ಆ ನಗು. ಹಳ್ಳಿಯಿಂದ ಬಂದ ವಾಲಗದವನ ಮಗಳು ಮೈಸೂರಿಗೆ ಹೋಗಿ ಬಿ.ಎ. ಮಾಡಿದ್ದನ್ನು ಊರಿನಲ್ಲಿ ದೊಡ್ಡ ಸಾಧನೆಯೆಂದು ಹೇಳುತ್ತಾರೆ. ನನಗೆ ಜ್ಞಾನದ ಹಸಿವಿತ್ತು ಎಂದೂ ಹೇಳುತ್ತಾರೆ. ಇರಲಿಲ್ಲ. ಹಾಸ್ಟೆಲಿನಲ್ಲಿ ಮುಂಜಾನೆ ಎದ್ದು ಪುಸ್ತಕ ಹಿಡಿದಾಗಲೆಲ್ಲ ಆ ಮುಂದಿನ ಸಾಲನ್ನು ಎಡದಿಂದ ಬಲಕ್ಕೆ ನೆನಪಿಸಿಕೊಳ್ಳುತ್ತಿದ್ದೆ — ಯಾರು ಎಲ್ಲಿ ಕೂತಿದ್ದರು, ಯಾರು ಮೊದಲು ನಕ್ಕರು, ಯಾರು ನಗದೆ ವೀಳ್ಯದೆಲೆಯ ತೊಟ್ಟು ಮುರಿಯುತ್ತಿದ್ದರು. ನಿನ್ನ ತಂದೆಯ ನಗುವಿನಲ್ಲಿ ಕೊನೆಗೆ ಒಂದು ಸಣ್ಣ ಕೆಮ್ಮು ಬರುತ್ತಿತ್ತು. ಅದನ್ನೂ ಮರೆಯಲಿಲ್ಲ. ಮರೆಯಬಾರದೆಂದು ಅಭ್ಯಾಸ ಮಾಡಿದೆ.

ಓದು ಮುಗಿಸಿ ಮಧುಗಿರಿಯ ಹೆಣ್ಣುಮಕ್ಕಳ ಶಾಲೆಗೇ ಟೀಚರಾಗಿ ಬಂದೆ. ಬೆಳಗಿನ ಪ್ರಾರ್ಥನೆಗೆ ಹಾರ್ಮೋನಿಯಂ ನುಡಿಸುವವರು ಬೇರೆ ಯಾರೂ ಇರಲಿಲ್ಲ. ಎರಡನೆಯ ವರ್ಷ ನೀನು ನನ್ನ ತರಗತಿಗೆ ಬಂದೆ. ಹದಿನಾರು ವರ್ಷ, ಎರಡು ಜಡೆ, ಬರೆಯುವಾಗ ನಾಲಿಗೆ ಕಚ್ಚಿಕೊಳ್ಳುವ ಅಭ್ಯಾಸ. ಪ್ರಾರ್ಥನೆಯಲ್ಲಿ ಅರವತ್ತು ದನಿಗಳ ನಡುವೆ ನಿನ್ನದು ಬೇರೆಯಾಗಿ ಕೇಳುತ್ತಿತ್ತು. ಜೋರಾಗಿ ಅಲ್ಲ, ನೇರವಾಗಿ.

ಆ ವರ್ಷದ ಉತ್ಸವಕ್ಕೆ ಬೆಂಗಳೂರಿನಿಂದ ಒಬ್ಬ ವಿದುಷಿ ಬರುವವರಿದ್ದರು. ಕಛೇರಿಯ ಕೊನೆಯಲ್ಲಿ ಅವರೂ ಸಭೆಯಿಂದ ಎಳೆಯರನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು ಹಾಡಿಸುತ್ತಿದ್ದರು, ಜೊತೆಗೆ ತಾವೂ ಹಾಡುತ್ತಿದ್ದರು. ಮನಸ್ಸಿಗೆ ಹಿಡಿದ ಒಂದು ಕಂಠವನ್ನು ತಮ್ಮ ಮನೆಯಲ್ಲೇ ಇರಿಸಿಕೊಂಡು ಪಾಠ ಹೇಳುತ್ತಾರೆಂಬ ಸುದ್ದಿಯಿತ್ತು. ಕೊರಟಗೆರೆಯ ಒಬ್ಬ ಹುಡುಗಿ ಹಾಗೆ ಹೋಗಿ ಎರಡೇ ವರ್ಷದಲ್ಲಿ ರೇಡಿಯೋದಲ್ಲಿ ಹಾಡಿದ್ದಳು. ನಿನಗೆ ಬೇರೇನೂ ಬೇಕಿರಲಿಲ್ಲ. ನಿನಗೆ ಕಲಿಸಿದ ಮೇಷ್ಟರು ತೀರಿಕೊಂಡಿದ್ದರು, ಮನೆಯಲ್ಲಿ ಪೆಟ್ಟಿಗೆ ಇರಲಿಲ್ಲ. "ಟೀಚರ್, ಬೆಳಿಗ್ಗೆ ಒಂದು ಗಂಟೆ ನಂಗೆ ಶ್ರುತಿ ಹಿಡೀತೀರಾ" ಎಂದು ಕೇಳಿದೆ.

ಒಂದು ತಿಂಗಳು ಹಿಡಿದೆ. ಮೋಹನ ರಾಗದ ಒಂದು ದೇವರನಾಮ. ಆ ಅಭ್ಯಾಸದಲ್ಲಿ ನಾನು ಮೋಸ ಮಾಡಲಿಲ್ಲ. ಇದನ್ನು ನನ್ನ ಪರವಾಗಿ ಹೇಳುತ್ತಿಲ್ಲ. ಮೊದಲಿನಿಂದಲೇ ಹೊಂಚು ಹಾಕಿದ್ದರೆ ನಾನು ಕೆಟ್ಟವಳು ಎಂದು ಒಂದೇ ಮಾತಿನಲ್ಲಿ ಮುಗಿಯುತ್ತಿತ್ತು. ನಿನ್ನ ಹಾಡನ್ನು ನಾನು ಇಷ್ಟಪಟ್ಟಿದ್ದೆ. ಚರಣದ ಮೂರನೆಯ ಸಾಲಿನಲ್ಲಿ ದನಿ ಮೇಲಿನ ಪಂಚಮಕ್ಕೆ ಏರಬೇಕು. ಅದು ನಿನ್ನ ಕಂಠದ ಕಟ್ಟಕಡೆಯ ಮೆಟ್ಟಿಲು. ಐದನೆಯ ಮನೆಯ ಶ್ರುತಿಯಲ್ಲಿ ಅದು ನಿನಗೆ ಸಿಗುತ್ತಿತ್ತು, ಕೂದಲೆಳೆಯಷ್ಟು ಮಾತ್ರ ಉಳಿಯುವಂತೆ. ಒಂದು ಮನೆ ಮೇಲೆ ಹಿಡಿದರೆ ಹಾಡೆಲ್ಲ ಒಂದು ಮೆಟ್ಟಿಲು ಮೇಲೇರುತ್ತದೆ. ಶುರುವಿನಲ್ಲಿ ಹಾಡುವವಳಿಗೆ ಗಂಟಲು ಸ್ವಲ್ಪ ಬಿಗಿದಂತೆ ಅನ್ನಿಸುತ್ತದೆ, ಅಷ್ಟೇ. ಕೊನೆಯ ಮೆಟ್ಟಿಲಿನ ಮೇಲೆ ಕಾಲಿಡಲು ಹೋದಾಗ ಅಲ್ಲಿ ಮೆಟ್ಟಿಲು ಇರುವುದಿಲ್ಲ.

ನಿನ್ನ ಶ್ರುತಿ ಐದು ಎಂದು ನಿನಗೆ ಒಂದು ದಿನವೂ ಹೇಳಲಿಲ್ಲ. ಮರೆಮಾಚಿದ್ದಲ್ಲ. ನಾನು ಒತ್ತುತ್ತಿದ್ದೆ, ನೀನು ಕಣ್ಣು ಮುಚ್ಚಿ ಹಾಡುತ್ತಿದ್ದೆ. ಕೇಳುವ, ಹೇಳುವ ಪ್ರಸಂಗ ಬರಲಿಲ್ಲ.

ವಿದುಷಿಯ ಕಛೇರಿಯ ದಿನ ನಿನ್ನ ತಂದೆ ಶಾಲೆಗೇ ಬಂದರು. ಸಭೆಯಿಂದ ಬರುವ ಮಕ್ಕಳಿಗೆ ತಂಬೂರಿ ಹೊಂದುವುದಿಲ್ಲ, ಒಬ್ಬೊಬ್ಬರದು ಒಂದೊಂದು ಶ್ರುತಿ, ನೀವು ಶಾಲೆಯ ಹಾರ್ಮೋನಿಯಂ ತಂದು ಶ್ರುತಿ ಹಿಡಿದು ಸಹಾಯ ಮಾಡಬೇಕು ಎಂದು ವಿನಯದಿಂದಲೇ ಕೇಳಿದರು. ಒಪ್ಪಿದೆ.

ಐದೂವರೆಗೆ ಹೋದಾಗ ಬೆಟ್ಟದ ನೆರಳು ಚಪ್ಪರದ ಮೇಲೆ ಬಿದ್ದಿತ್ತು. ಬಾಗಿಲ ಹೊರಗೆ ಅಪ್ಪ ಗೋಣಿತಾಟಿನ ಮೇಲೆ ಕೂತಿದ್ದ. ಯಾರೋ ಅವನ ಅಂಗೈಗೆ ಮೇಲಿನಿಂದ ಪ್ರಸಾದದ ದೊನ್ನೆ ಬಿಟ್ಟರು. ನಾನು ಹತ್ತಿರ ಬರುವುದನ್ನು ಕಂಡು ಅವನು ನಾಗಸ್ವರದ ಕಡೆ ಮುಖ ತಿರುಗಿಸಿದ, ನಾಲ್ಕು ಜನರ ಎದುರಿಗೆ ನಾನು ಅವನನ್ನು ಮಾತನಾಡಿಸುವ ಮುಜುಗರ ನನಗೆ ಬರಬಾರದೆಂದು. ನಾನು ನಿಲ್ಲಬಹುದಿತ್ತು. ನಿಲ್ಲಲಿಲ್ಲ.

ನಿನ್ನ ತಂದೆ ಎದ್ದು ಬಂದು ನನ್ನನ್ನು ವೇದಿಕೆಗೆ ಕರೆದೊಯ್ದರು. ಅದೇ ಮೆಟ್ಟಿಲು. ಅವರೇ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಸುತ್ತ ಇದ್ದವರಿಗೆ ಕೇಳುವಂತೆ, ಮೆಚ್ಚುಗೆಯಿಂದ ಹೇಳಿದರು:

"ನಮ್ಮ ಟೀಚರನ್ನ ನೋಡಿ. ನಂಜನ ಮಗಳು ಅಂದ್ರೆ ಯಾರಾದ್ರೂ ನಂಬ್ತಾರಾ?"

ಅವರಿಗೆ ಏನೂ ನೆನಪಿರಲಿಲ್ಲ. ಅಪ್ಪನ ಕಾಲಾಗಲಿ, ಹಡಪವಾಗಲಿ, ಯಾವುದೂ. ಹನ್ನೊಂದು ವರ್ಷ ನಾನು ದಿನವೂ ಉಜ್ಜಿ ಹೊಳಪಿಟ್ಟುಕೊಂಡದ್ದನ್ನು ಅವರು ಅಂದೇ ಮರೆತು ಮನೆಗೆ ಹೋಗಿ ಊಟ ಮಾಡಿದ್ದರು. ಸುತ್ತಲಿನವರು ನಕ್ಕರು. ಒಳ್ಳೆಯ ನಗುವೇ. ಮತ್ತು ವನಜಾ — ನಾನೂ ನಕ್ಕೆ. ತಲೆ ಬಗ್ಗಿಸಿ, ನಮ್ರವಾಗಿ, ಅಪ್ಪ ನಕ್ಕ ಹಾಗೆಯೇ.

ಆ ಕ್ಷಣದಲ್ಲಿ ನಿಶ್ಚಯವಾಯಿತು. ನಿನ್ನ ತಂದೆಯ ಮೇಲಿನ ಕೋಪವೊಂದೇ ಆಗಿದ್ದರೆ ಬಹುಶಃ ಕಾಯುತ್ತಿದ್ದೆ. ನನ್ನ ಮುಖದ ಮೇಲೆ ಆ ನಗು ಬಂದಮೇಲೆ ಕಾಯಲಾಗಲಿಲ್ಲ. ಅದೇ ನಗು ಅವರ ಮುಖದ ಮೇಲೆ ಬರಬೇಕು, ಅದೇ ಮುಂದಿನ ಸಾಲಿನಲ್ಲಿ, ಅದೇ ಜನರ ಎದುರು. ಬೇರೆ ಯಾವ ನ್ಯಾಯವೂ ನನಗೆ ಬೇಕಿರಲಿಲ್ಲ.

ವಿದುಷಿಯ ಕಛೇರಿ ಮುಗಿಯುತ್ತಾ ಬಂತು. ತಂಬೂರಿ ಚಪ್ಪರದ ಕಂಬಕ್ಕೆ ಒರಗಿತು. ಪಿಟೀಲು, ಮೃದಂಗದವರು ಕಾಫಿಗೆ ಎದ್ದರು. ಮೊದಲು ಇಬ್ಬರು ಹುಡುಗಿಯರು ಬಂದರು. ಅವರವರ ಶ್ರುತಿ ಕೇಳಿ ಸರಿಯಾಗಿಯೇ ಹಿಡಿದೆ. ಮೂರನೆಯವಳು ನೀನು. ಹಸಿರು ರೇಷ್ಮೆ ಲಂಗ. ಕೂತವಳು ನನ್ನ ಕಡೆ ನೋಡಿ ಸಣ್ಣಗೆ ನಕ್ಕೆ.

"ನಿನ್ನದು ಯಾವ ಶ್ರುತಿ ಮಗು?" ಎಂದು ವಿದುಷಿ ಕೇಳಿದರು.

"ಟೀಚರಿಗೆ ಗೊತ್ತು" ಎಂದೆ ನೀನು.

ಈ ಎರಡು ಪದಗಳನ್ನು ಎಷ್ಟು ಸಲ ಕೇಳಿಸಿಕೊಂಡಿದ್ದೇನೆ — ಅಡುಗೆ ಮಾಡುವಾಗ, ಉತ್ತರಪತ್ರಿಕೆ ತಿದ್ದುವಾಗ. ನನ್ನ ಉಗುರು ಐದನೆಯ ಮನೆಯ ಮುರಿದ ಅಂಚನ್ನು ಮುಟ್ಟಿತು. ಅಲ್ಲಿಂದ ಬೆರಳನ್ನು ಎತ್ತಿ ಪಕ್ಕದಲ್ಲಿ ಇಟ್ಟೆ. ತಿದಿ ಒತ್ತಿದೆ. ಶ್ರುತಿ ತುಂಬಿಕೊಂಡಿತು. ನೀನು ಕಣ್ಣು ಮುಚ್ಚಿದೆ.

ಪಲ್ಲವಿಯ ಎರಡನೆಯ ಸಾಲಿಗೆ ಒಮ್ಮೆ ಕಣ್ಣು ತೆರೆದು ನನ್ನನ್ನು ನೋಡಿದೆ. ಆ ನೋಟದಲ್ಲಿ ಸಂಶಯವಿದ್ದಿದ್ದರೆ ನಾನು ಇಂದು ಇಷ್ಟು — ಇಲ್ಲ. ಚೆನ್ನಾಗಿ ಹಾಡುತ್ತಿದ್ದೇನೆಯೇ ಎಂದಷ್ಟೇ ನಿನ್ನ ಕಣ್ಣು ಕೇಳುತ್ತಿತ್ತು. ನಾನು ತಲೆಯಾಡಿಸಿದೆ. ಹೌದು ಎಂಬಂತೆ.

ಚರಣಕ್ಕೆ ವಿದುಷಿ ಜೊತೆಗೂಡಿದರು. ಮೂರನೆಯ ಸಾಲಿನಲ್ಲಿ ಅವರ ದನಿ ಸಲೀಸಾಗಿ ಪಂಚಮಕ್ಕೆ ಹೋಗಿ ನಿಂತಿತು. ನಿನ್ನದು ಪಕ್ಕದಲ್ಲೇ ಏರಿ, ಸೀಳಿ, ಒಡೆಯಿತು. ಅವರು ಕೈಸನ್ನೆ ಮಾಡಿ ಇನ್ನೊಮ್ಮೆ ಎಂದರು. ಇನ್ನೊಮ್ಮೆ ಒಡೆಯಿತು. ಮೂರನೆಯ ಸಲ ಬಾಯಿ ತೆರೆದೆ, ದನಿ ಬರಲಿಲ್ಲ. ಹಿಂದಿನ ಬೆಂಚಿನಿಂದ ಯಾರೋ ದೊಡ್ಡ ಗಂಡಸು ಕೋಳಿ ಕೊಕ್ಕರಿಸಿದ ಹಾಗೆ ಸದ್ದು ಮಾಡಿದ. ಚಪ್ಪರ ನಕ್ಕಿತು.

ನಾನು ನಿನ್ನನ್ನು ನೋಡಲಿಲ್ಲ. ಮುಂದಿನ ಸಾಲನ್ನು ನೋಡಿದೆ. ನಿನ್ನ ತಂದೆ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಆಮೇಲೆ ನಕ್ಕರು. "ಬೆಳಿಗ್ಗೆಯಿಂದ ಹುಡುಗಿಗೆ ನೆಗಡಿ. ಬೇಡ ಅಂದೆ, ಕೇಳಲಿಲ್ಲ" ಎಂದರು, ಯಾರೂ ಕೇಳದಿದ್ದರೂ. ಕೊನೆಯಲ್ಲಿ ಆ ಸಣ್ಣ ಕೆಮ್ಮು ಬಂತು. ಅದೇ ನಗು — ಅಪ್ಪನದು, ನನ್ನದು. ನಾನು ಬೇಡಿದ್ದು ಬೇಡಿದ ಹಾಗೆಯೇ ಸಿಕ್ಕಿತು.

ಸುಳ್ಳು ಬರೆಯುವುದಿಲ್ಲ. ಅದು ಸಿಹಿಯಾಗಿತ್ತು. ಬಾಯಾರಿದವಳು ನೀರು ಕುಡಿದ ಹಾಗೆ ಎದೆಯಲ್ಲಿ ಇಳಿಯಿತು.

ವಿದುಷಿ ನಿನ್ನ ಬೆನ್ನು ಸವರಿ, ಮೆಲ್ಲಗೆ, ಆದರೆ ನನಗೂ ಕೇಳುವಂತೆ ಹೇಳಿದರು: "ಪಾಠ ಚೆನ್ನಾಗಿದೆ ಮಗು. ಶಾರೀರ ಸಾಲದು. ಮನೆಯಲ್ಲಿ ದೇವರ ಮುಂದೆ ಹಾಡಿಕೋ."

ನೀನು ಏಳಲು ಹೋದಾಗ ಕಾಲು ಲಂಗಕ್ಕೆ ಸಿಕ್ಕಿಕೊಂಡಿತು. ನಾನು ಕೈ ಹಿಡಿದು ಎಬ್ಬಿಸಿದೆ. ಪಾವಗಡದಲ್ಲಿ ನೀನು ನೆನೆದದ್ದು ಆ ಕೈಯನ್ನು.

ಚಪ್ಪರದ ಹೊರಗೆ ಅಪ್ಪ ನನಗಾಗಿ ಕಾಯುತ್ತಿದ್ದ. ನಮ್ಮ ಮನೆ ಶಾಲೆಯ ಹಿಂದುಗಡೆಯೇ ಇತ್ತು, ಒಂದು ತಿಂಗಳಿಂದ ಬೆಳಗಿನ ಹೊತ್ತು ನಿನ್ನ ಹಾಡು ಅವನಿಗೆ ಕೇಳುತ್ತಿತ್ತು. ಸಂತೆ ಬೀದಿಯವರೆಗೆ ಜೊತೆಗೆ ನಡೆದ. ಆಮೇಲೆ ಮುಖ ನೋಡದೆ ಕೇಳಿದ:

"ಆ ಮಗಿಂದು ಐದಲ್ವೇನವ್ವ? ಆರು ಯಾಕೆ ಹಿಡಿದೆ?"

ನಾನು ನಡಿಗೆ ಚುರುಕು ಮಾಡಿದೆ.

"ಕೈ ತಪ್ತು ಅನ್ನು. ನಂಬ್ಕಂತೀನಿ."

ಅಪ್ಪ ನಿಂತ. ನಾಗಸ್ವರವನ್ನು ಒಂದು ಕಂಕುಳಿನಿಂದ ಇನ್ನೊಂದಕ್ಕೆ ಬದಲಾಯಿಸಿದ.

"ಅವತ್ತು ಅಂದೋನು ಅವ್ನು. ಅನ್ನಿಸ್ಕಂಡೋನು ನಾನು. ಮಧ್ಯಕ್ಕೆ ಆ ಕೂಸು ಎಲ್ಲಿಂದ ಬಂತು?"

"ನಿನಗೋಸ್ಕರ ಅಪ್ಪ" ಎಂದೆ. ಹೇಳುವಾಗಲೇ ಅದು ಪೂರ್ತಿ ನಿಜವಲ್ಲವೆಂದು ಗೊತ್ತಿತ್ತು.

"ನಂಗೋಸ್ಕರ ಅಂತ ನನ್ನ ತಲೆ ಮ್ಯಾಲೆ ಹೊರಿಸ್ಬ್ಯಾಡ. ನಾ ಕೇಳಿರ್ನಿಲ್ಲ." ಮತ್ತೆ ಹೆಜ್ಜೆ ಹಾಕುತ್ತಾ, "ಆ ಹಾಡೋ ಅಮ್ಮ ನಾಳೆ ಬೆಳಗ್ಗೆ ಬಂಗಲೇಲೇ ಇರ್ತಾರಂತೆ. ಹುಡುಗೀನ ಕರ್ಕಂಡೋಗಿ ಇಂಗಿಂಗಾಯ್ತು ಅಂತ ಹೇಳ್ಬುಡು. ಬೈದ್ರೆ ಬೈಸ್ಕಾ. ಆ ಮಗ ಸರಿಯಾದ್ ಶ್ರುತೀಲಿ ಒಂದ್ಸಾರಿ ಹಾಡ್ಲಿ" ಎಂದ.

ಅಷ್ಟೇ. ಅವನು ಬದುಕಿದ್ದ ಮುಂದಿನ ನಾಲ್ಕು ವರ್ಷ ಆ ಮಾತು ಎತ್ತಲಿಲ್ಲ. ಆದರೆ ಮನೆಯಲ್ಲಿ ಸಂಜೆ ನುಡಿಸಲು ಕೂತಾಗ ಶ್ರುತಿ ಪೆಟ್ಟಿಗೆಯನ್ನು ನನ್ನ ಕೈಗೆ ಕೊಡಲಿಲ್ಲ. ತಾನೇ ಮನಸ್ಸಿನಲ್ಲಿ ಶ್ರುತಿ ಇಟ್ಟುಕೊಂಡು ಬರಿದೇ ನುಡಿಸುತ್ತಿದ್ದ. ನಾನು ಒಳಗೆ ಕೂತು ಕೇಳುತ್ತಿದ್ದೆ. ಶ್ರುತಿಯಿಲ್ಲದ ನಾಗಸ್ವರ ಹೇಗಿರುತ್ತದೆಂದು ಕೇಳಿದವರಿಗೇ ಗೊತ್ತು.

ನಿನ್ನ ತಂದೆಯನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಈ ಬರಹ ಓದಿ ಅವರು ನನ್ನ ಮನೆಯ ಬಾಗಿಲಿಗೆ ಬಂದರೆ ಹಡಪದ ಮಾತನ್ನು ಅವರ ಬಾಯಿಂದಲೇ ಇನ್ನೊಮ್ಮೆ ಹೇಳಿಸುತ್ತೇನೆ. ಅವರು ನನ್ನ ಅಪ್ಪನಿಗೆ ಮಾಡಿದ್ದಕ್ಕೂ ನಾನು ನಿನಗೆ ಮಾಡಿದ್ದಕ್ಕೂ ನಂಟಿದೆ ಎಂದು ಆರು ವರ್ಷ ನಂಬಿದ್ದೆ. ಇಲ್ಲ. ಅವರು ಒಂದು ಮೆಟ್ಟಿಲಿನಿಂದ ಒಬ್ಬನನ್ನು ಇಳಿಸಿದರು. ನಾನು ಕಣ್ಣು ಮುಚ್ಚಿಕೊಂಡು ನನ್ನನ್ನು ನಂಬಿ ಹತ್ತುತ್ತಿದ್ದವಳ ಕಾಲಡಿಯಿಂದ ಮೆಟ್ಟಿಲನ್ನೇ ಎಳೆದೆ. ಎರಡು ಬೇರೆ ಬೇರೆ ತಪ್ಪುಗಳು. ನನ್ನದು ನನ್ನದೇ.

ಈ ಬರಹದ ಒಂದು ಪ್ರತಿ ಪಾವಗಡಕ್ಕೆ, ಒಂದು ಆ ವಿದುಷಿಗೆ ಇಂದೇ ಅಂಚೆಗೆ ಹೋಗುತ್ತದೆ, ನನ್ನ ಹೆಸರಿನೊಂದಿಗೆ. ಆದರೆ ನೀನು ಓದಲೇಬೇಕಾದದ್ದು ಇನ್ನೂ ಉಳಿದಿದೆ. ಸಂಜೆಯದನ್ನು ಸೇಡು ಎಂದಾದರೂ ಕರೆಯಬಹುದು. ಮಾರನೆಯ ಬೆಳಿಗ್ಗೆ ಮಾಡಿದ್ದಕ್ಕೆ ಹೆಸರಿಲ್ಲ.

ಬೆಳಿಗ್ಗೆ ಒಂಬತ್ತಕ್ಕೆ ನಾನು ಶಾಲೆಗೆ ಹೋದಾಗ ನೀನು ಆಗಲೇ ಬಾಗಿಲಲ್ಲಿ ಕೂತಿದ್ದೆ. ಕಣ್ಣು ಊದಿತ್ತು. ಇಂದು ನೀನು ಬರುವುದಿಲ್ಲವೆಂದು ನಾನು ಅಂದುಕೊಂಡಿದ್ದೆ.

"ಟೀಚರ್, ಎಲ್ಲಿ ತಪ್ಪಿದೆ ಅಂತ ಗೊತ್ತಾಗಬೇಕು ನಂಗೆ. ಒಂದೇ ಸಲ."

ಪೆಟ್ಟಿಗೆ ತೆರೆದೆ. ಉಗುರು ಆ ಮುರಿದ ಅಂಚನ್ನು ಹುಡುಕಿತು. ಐದನೆಯ ಮನೆಯನ್ನೇ ಒತ್ತಿದೆ. ನೀನು ಹಾಡಿದೆ. ಮೂರನೆಯ ಸಾಲಿನಲ್ಲಿ ಪಂಚಮ ಬಂತು, ನಿಂತಿತು, ಎಂದೂ ನಿಲ್ಲದಷ್ಟು ಹೊತ್ತು ನಿಂತಿತು. ಹಿಂದಿನ ಮನೆಯಲ್ಲಿ ಅಪ್ಪನ ಕೆಮ್ಮು ಕೇಳಿಸಿತು, ಆ ಸ್ವರ ಮುಗಿದಮೇಲೆ. ಕಿಟಕಿಯಿಂದ ನೋಡಿದರೆ ರಸ್ತೆಯಾಚೆ ಪ್ರವಾಸಿ ಬಂಗಲೆ ಕಾಣುತ್ತಿತ್ತು. ಕಾರಿನ ಬಾಗಿಲು ತೆರೆದಿತ್ತು. ಯಾರೋ ತಂಬೂರಿಯನ್ನು ಗವಸು ಹಾಕಿ ಒಳಗೆ ಮಲಗಿಸುತ್ತಿದ್ದರು.

"ಇವತ್ತು ಬಂತಲ್ಲ ಟೀಚರ್. ನಿನ್ನೆ ಯಾಕೆ ಬರಲಿಲ್ಲ?"

"ಸಭಾಕಂಪ" ಎಂದೆ. "ಕೆಲವರಿಗೆ ಅದು ಹೋಗುವುದಿಲ್ಲ."

ನೀನೂ ಕಿಟಕಿಯ ಕಡೆ ನೋಡಿದೆ. "ಅವರು ಇನ್ನೂ ಹೊರಟಿಲ್ಲ. ಓಡಿಹೋಗಿ ಇನ್ನೊಂದ್ಸಲ ಹಾಡಲಾ?"

ಎರಡು ನಿಮಿಷದ ದಾರಿ. ನಾನು ಹೂಂ ಎಂದಿದ್ದರೆ ಸಾಕಿತ್ತು. ಜೊತೆಗೆ ಬರಬೇಕಾಗಿಯೂ ಇರಲಿಲ್ಲ.

"ಬೇಡ" ಎಂದೆ. "ಎರಡನೆಯ ಸಲ ನಗಿಸಿಕೊಳ್ಳಬೇಡ."

ತಿದಿಯ ಕೊಂಡಿ ಹಾಕಿದೆ. ಮುಚ್ಚಳ ಇಳಿಸಿ ಬೀಗ ಹಾಕಿ ಬೀಗದಕೈಯನ್ನು ಸೆರಗಿಗೆ ಗಂಟು ಹಾಕಿಕೊಂಡೆ. ಕಾರು ಹೊರಟ ಸದ್ದು ಆಮೇಲೆ ಕೇಳಿಸಿತು. ಗಂಟೆ ಹೊಡೆಯಿತು, ತರಗತಿಗೆ ಹೋದೆ, ಹಾಜರಿ ಕರೆದೆ. ನಿನ್ನ ಹೆಸರು ಬಂದಾಗ ನೀನು ಎದ್ದು ನಿಂತು ತುಟಿ ಅಲುಗಿಸಿದೆ. ಕೇಳಿಸಲಿಲ್ಲ. ಬೇರೆ ದಿನವಾಗಿದ್ದರೆ, ಜೋರಾಗಿ ಹೇಳು ಎನ್ನುತ್ತಿದ್ದೆ. ಅಂದು ಗುರುತು ಹಾಕಿ ಮುಂದಿನ ಹೆಸರು ಕರೆದೆ.